ಎಷ್ಟು ಹೊಲಿಗೆ ಬಿತ್ತು ಅಂತ ಎಲ್ರೂ ಕೇಳ್ತಾರೆ, ಕಡಿಮೆ ಬೀಳೋ ಹಾಗೆ ಏನು ಮಾಡ್ಬಹುದು ಅಂತ ಯಾರೂ ಹೇಳಲ್ಲ

ಹೋದ ವಾರ ರಾತ್ರಿ ಹತ್ತೂವರೆಗೆ ನಮ್ಮ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ಲು. ಅವಳಿಗೀಗ 33 ವಾರ, ಚೊಚ್ಚಲು. ಸೀಮಂತದ ಸೀರೆ, ತವರಿಗೆ ಯಾವಾಗ ಬರೋದು, ಕಾಲು ಊದ್ಕೊಂಡಿರೋದು ಎಲ್ಲಾ ಆಯ್ತು, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ದನಿ ತಗ್ಗಿಸಿ ಕೇಳಿದ್ಲು, "ಅಕ್ಕಾ, ಕೆಳಗಡೆ ಹರಿದು ಹೋಗುತ್ತಂತಲ್ಲ, ಕತ್ತರಿ ಹಾಕ್ತಾರಂತಲ್ಲ, ಅದಕ್ಕೆ ಏನೂ ಮಾಡೋಕಾಗಲ್ವಾ?" ಪಕ್ಕದ ರೂಮಲ್ಲಿ ಅತ್ತೆ ಇದ್ರು ಅನ್ಸುತ್ತೆ, ಅಷ್ಟು ಮೆಲ್ಲಗೆ ಕೇಳಿದ್ಲು. ಹೆರಿಗೇಲಿ ಮಗು ಬರುವಾಗ ಯೋನಿಯ ಕೆಳಗಿನ ಜಾಗ ಹರಿಯೋದು, ದಾರಿ ಅಗಲ ಆಗ್ಲಿ ಅಂತ ಅಲ್ಲಿ ಕತ್ತರಿಸೋದು, ಅದನ್ನೇ ಅವಳು ಕೇಳಿದ್ದು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೀತಿದೀನಿ, ಯಾಕಂದ್ರೆ ಏಳು ವರ್ಷದ ಹಿಂದೆ ನನಗೂ ಇದೇ ಪ್ರಶ್ನೆ ಇತ್ತು, ಕೇಳೋಕೆ ನನಗೆ ಬಾಯಿ ಬರ್ಲಿಲ್ಲ.

ನನ್ನ ಮೊದಲನೇ ಹೆರಿಗೆ ಬೆಂಗಳೂರಿನ ಒಂದು ನರ್ಸಿಂಗ್ ಹೋಮಲ್ಲಿ ಆಯ್ತು. ಒಂಬತ್ತು ತಿಂಗಳೂ ಚೆಕಪ್ ಸರಿಯಾಗಿ ಮಾಡಿಸ್ಕೊಂಡಿದ್ದೆ, ಸ್ಕ್ಯಾನು, ಶುಗರ್ ಟೆಸ್ಟು, ಐರನ್ ಮಾತ್ರೆ ಯಾವುದೂ ತಪ್ಪಿಸಿರ್ಲಿಲ್ಲ, ಆದ್ರೆ ಮನೇಲಾಗ್ಲಿ ಆಸ್ಪತ್ರೇಲಾಗ್ಲಿ ಇದ್ದಿದ್ದು ಒಂದೇ ಮಾತು, ನಾರ್ಮಲ್ ಆಗುತ್ತೋ ಸಿಸೇರಿಯನ್ನೋ ಅಂತ. ನಾರ್ಮಲ್ ಆದ್ರೆ ಸಾಕು ದೇವ್ರೆ ಅಂತ ಅಮ್ಮ ಸಿದ್ಧಗಂಗೆಗೆ ಹರಕೆ ಕಟ್ಕೊಂಡಿದ್ಲು. ನಾರ್ಮಲ್ ಅನ್ನೋದ್ರಲ್ಲೂ ಹತ್ತು ಥರ ಇದೆ ಅಂತ ನಮಗ್ಯಾರಿಗೂ ಗೊತ್ತೇ ಇರ್ಲಿಲ್ಲ. ಲೇಬರ್ ರೂಮಲ್ಲಿ ಅಂಗಾತ ಮಲಗಿಸಿ ಕಾಲು ಎತ್ತಿ ಇಡಿಸಿದ್ರು, "ಮುಕ್ಕಮ್ಮಾ, ಉಸಿರು ಬಿಡ್ಬೇಡ, ಇನ್ನೂ ಮುಕ್ಕು, ಇನ್ನೂ ಮುಕ್ಕು" ಅಂತ ಮೂರು ಜನ ಒಟ್ಟಿಗೆ ಕೂಗ್ತಿದ್ರು, ಒಬ್ಬ ಆಯಾ ಸ್ಟೂಲ್ ಮೇಲೆ ಹತ್ತಿ ಎರಡೂ ಕೈಯಲ್ಲಿ ನನ್ನ ಹೊಟ್ಟೇನ ಮೇಲಿಂದ ಕೆಳಕ್ಕೆ ಒತ್ತುತಿದ್ರು. ಆಮೇಲೆ ಒಂದು ಇಂಜೆಕ್ಷನ್ ಚುಚ್ಚಿದ್ದು ಗೊತ್ತಾಯ್ತು, ಅದಾದ ತಕ್ಷಣ ದಪ್ಪ ಬಟ್ಟೆ ಕತ್ತರಿಸಿದ ಹಾಗೆ ಕರಕ್ ಅಂತ ಒಂದು ಶಬ್ದ. ಆ ಶಬ್ದ ನಂದೇ ಮೈಯಿಂದ ಬಂದಿದ್ದು ಅಂತ ನನಗೆ ಅರ್ಥ ಆಗೋಕೇ ಎರಡು ನಿಮಿಷ ಬೇಕಾಯ್ತು. ಕತ್ತರಿ ಹಾಕ್ತೀವಿ ಅಂತ ಒಂದು ಮಾತು ಯಾರೂ ಹೇಳಿರ್ಲಿಲ್ಲ. ಮಾರನೇ ದಿನ ರೌಂಡ್ಸಿಗೆ ಬಂದಾಗ ಡಾಕ್ಟರನ್ನ ಕೇಳಿದೆ, ಮಗೂಗೆ ಏನಾದ್ರೂ ತೊಂದ್ರೆ ಆಗಿತ್ತಾ ಮೇಡಂ ಅಂತ. ಇಲ್ಲಮ್ಮ, ಚೊಚ್ಚಲು ಅಂದ್ರೆ ಎಲ್ರಿಗೂ ಹಾಕ್ತೀವಿ ಅಂದ್ರು.

ಎಲ್ರಿಗೂ ಹಾಕ್ತೀವಿ ಅನ್ನೋ ಆ ಮಾತು ನನ್ನ ತಲೇಲಿ ಎಷ್ಟೋ ತಿಂಗಳು ಕೂತಿತ್ತು. ಎರಡನೇದು ನಿಂತಾಗ ನಾನು ಕೂತು ಓದೋಕೆ ಶುರು ಮಾಡಿದೆ, ಗೊತ್ತಿರೋ ಡಾಕ್ಟರುಗಳನ್ನ ಕೇಳಿದೆ, ನರ್ಸಿಂಗ್ ಓದಿರೋ ನಾದಿನಿಯ ತಲೆ ತಿಂದೆ.

ಮೊದಲು ಗೊತ್ತಾಗಬೇಕಾದ್ದು, ಸ್ವಲ್ಪ ಹರಿಯೋದು ತುಂಬಾ ಸಾಮಾನ್ಯ. ಇಂಗ್ಲೆಂಡಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು ಹೇಳೋ ಲೆಕ್ಕದಲ್ಲಿ ಚೊಚ್ಚಲ ಹೆರಿಗೆ ನಾರ್ಮಲ್ ಆದ 10 ಜನರಲ್ಲಿ 9 ಜನರಿಗೆ ಒಂದೋ ತರಚುತ್ತೆ, ಇಲ್ಲಾ ಹರಿಯುತ್ತೆ, ಇಲ್ಲಾ ಕತ್ತರಿ ಬಿದ್ದಿರುತ್ತೆ. ಹರಿಯೋದ್ರಲ್ಲಿ ನಾಲ್ಕು ಡಿಗ್ರಿ ಅಂತ ಮಾಡ್ತಾರೆ. ಒಂದನೇದು ಬರೀ ಚರ್ಮ, ಎಷ್ಟೋ ಸಲ ಹೊಲಿಗೆನೂ ಬೇಕಾಗಲ್ಲ. ಎರಡನೇದು ಯೋನಿಗೂ ಮಲದ್ವಾರಕ್ಕೂ ಮಧ್ಯ ಇರೋ ಜಾಗದ ಸ್ನಾಯು ತನಕ ಹೋಗುತ್ತೆ, ಹೊಲಿಗೆ ಬೇಕು, ಸಾಮಾನ್ಯವಾಗಿ ಚೆನ್ನಾಗೇ ವಾಸಿಯಾಗುತ್ತೆ. ಕತ್ತರಿ ಹಾಕಿದ್ರೆ ಆಳ ಹೆಚ್ಚುಕಮ್ಮಿ ಇಷ್ಟೇ ಇರುತ್ತೆ. ನಿಜವಾಗ್ಲೂ ಹೆದರಬೇಕಾದ್ದು ಮೂರನೇದು ನಾಲ್ಕನೇದಕ್ಕೆ, ಮೋಷನ್ ತಡೆದು ಹಿಡಿಯೋ ಸ್ನಾಯುನೇ ಹರಿದಿರುತ್ತೆ, ನಾಲ್ಕನೇದ್ರಲ್ಲಿ ಮಲದ್ವಾರದ ಒಳಪದರಾನೂ ಹರಿದಿರುತ್ತೆ. ಅದೇ ಲೆಕ್ಕದಲ್ಲಿ ಇದು ಚೊಚ್ಚಲಲ್ಲಿ 100ಕ್ಕೆ 6 ಜನರಿಗೆ ಆಗುತ್ತೆ, ಮೊದಲೊಂದು ನಾರ್ಮಲ್ ಆಗಿರೋರಲ್ಲಿ 100ಕ್ಕೆ 2. ಮಗು 4 ಕೆಜಿಗಿಂತ ಜಾಸ್ತಿ ಇದ್ರೆ, ಮಗುವಿನ ಮುಖ ಆಕಾಶದ ಕಡೆ ತಿರುಗಿದ್ರೆ, ಫೋರ್ಸೆಪ್ಸ್ (ಮಗುವಿನ ತಲೆ ಹಿಡಿದು ಎಳೆಯೋ ಇಕ್ಕಳ) ಹಾಕಿದ್ರೆ, ಮುಕ್ಕೋ ಹಂತ ತುಂಬಾ ಹೊತ್ತು ಎಳೆದ್ರೆ ರಿಸ್ಕ್ ಜಾಸ್ತಿ. ದಕ್ಷಿಣ ಏಷ್ಯಾದ ಹೆಂಗಸರಿಗೆ ಈ ರಿಸ್ಕ್ ಹೆಚ್ಚು ಅಂತಲೂ ಅಲ್ಲಿನವರು ಗುರುತಿಸಿದಾರೆ. ನನ್ನ ಕಾಲೇಜ್ ಫ್ರೆಂಡ್ ಒಬ್ಳು ಅಲ್ಲೇ ಇರೋದು, ಅವಳಿಗೆ ಏಳೆಂಟು ತಿಂಗಳಿಗೇ ಮಿಡ್‌ವೈಫ್ ಕೂರಿಸ್ಕೊಂಡು ಇದನ್ನೆಲ್ಲಾ ಹೇಳಿ ಕೈಗೆ ಒಂದು ಹಾಳೆನೂ ಕೊಟ್ಟು ಕಳಿಸಿದ್ರಂತೆ. ಕೇಳಿ ಖುಷಿನೂ ಆಯ್ತು, ಹೊಟ್ಟೆ ಉರೀತು ಕೂಡ.

ಇನ್ನು ಕತ್ತರಿ ವಿಷಯ. ತಾನಾಗೇ ಅಡ್ಡಾದಿಡ್ಡಿ ಹರಿಯೋದಕ್ಕಿಂತ ನಾವೇ ನೀಟಾಗಿ ಕತ್ತರಿಸಿದ್ರೆ ಒಳ್ಳೇದು ಅಂತ ಹಿಂದೆ ನಂಬ್ತಿದ್ರು, ಎಷ್ಟೋ ಕಡೆ ಇವತ್ತಿಗೂ ಹಾಗೇ ನಡೀತಿದೆ. ಆದ್ರೆ ಎಲ್ರಿಗೂ ಕತ್ತರಿ ಹಾಕೋದನ್ನೂ ಬೇಕಾದವರಿಗೆ ಮಾತ್ರ ಹಾಕೋದನ್ನೂ ಹೋಲಿಸಿ ಮಾಡಿದ ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ, ಬೇಕಾದಾಗ ಮಾತ್ರ ಹಾಕಿದ ಕಡೆ ದೊಡ್ಡ ಗಾಯ ಆದವರು ಸುಮಾರು 30 ಪರ್ಸೆಂಟ್ ಕಡಿಮೆ ಇದ್ರು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆ ಬಗ್ಗೆ 56 ಶಿಫಾರಸು ಬಿಡುಗಡೆ ಮಾಡ್ತು, ಅದ್ರಲ್ಲಿ ಎಲ್ರಿಗೂ ರೂಢಿಯಾಗಿ ಕತ್ತರಿ ಹಾಕೋದು ಬೇಡ ಅಂತ ಸ್ಪಷ್ಟವಾಗಿದೆ, ಹೊಟ್ಟೆ ಮೇಲೆ ಒತ್ತೋದೂ ಬೇಡ ಅಂತಿದೆ. ಅದನ್ನ ಓದಿದ ದಿನ ನಾನು ಅತ್ತುಬಿಟ್ಟೆ, ನಿಜವಾಗಿ. ಹಾಗಂತ ಕತ್ತರಿ ಬೇಕೇ ಆಗಲ್ಲ ಅಂತಲ್ಲ. ಮಗುವಿನ ಹಾರ್ಟ್‌ಬೀಟ್ ಬಿದ್ದೋಗಿ ಬೇಗ ಹೊರಗೆ ತೆಗೀಬೇಕಾದಾಗ, ಫೋರ್ಸೆಪ್ಸ್ ಹಾಕಬೇಕಾದಾಗ ಅದು ಬೇಕಾಗಬಹುದು, ಅಂಥ ಟೈಮಲ್ಲಿ ಬೇಡ ಅಂತ ಹಠ ಹಿಡಿಯೋದು ಸರಿಯಲ್ಲ. ಆದ್ರೆ ಹೇಳಿ ಹಾಕ್ಬೇಕು, ಮರಗಟ್ಟಿಸಿ ಹಾಕ್ಬೇಕು, ಮಲದ್ವಾರದ ಕಡೆಗೆ ನೇರವಾಗಿ ಅಲ್ಲ, ಪಕ್ಕಕ್ಕೆ ಓರೆಯಾಗಿ ಹಾಕ್ಬೇಕು. ನಾನು ಕೇಳೋದು ಅಷ್ಟೇ.

ಈಗ ನಾವು ಮನೇಲಿ ಮಾಡ್ಬಹುದಾದ್ದು, ಪೆರಿನಿಯಲ್ ಮಸಾಜ್. ಹೆಸರು ಕೇಳಿ ಗಾಬರಿ ಬೇಡ, ಯೋನಿಯ ಕೆಳಭಾಗದ ಚರ್ಮ ಮತ್ತು ಸ್ನಾಯುವನ್ನ ಎಣ್ಣೆ ಹಚ್ಚಿ ನಿಧಾನಕ್ಕೆ ಹಿಗ್ಗಿಸಿ ಅಭ್ಯಾಸ ಮಾಡೋದು. 35 ವಾರ ಆದ್ಮೇಲೆ ಶುರು ಮಾಡೋದು, ವಾರಕ್ಕೆ ಒಂದೆರಡು ಸಲ ಮಾಡಿದವರಿಗೂ ಉಪಯೋಗ ಆಗಿದೆ, ದಿನಾ ಮಾಡ್ಲೇಬೇಕು ಅಂತೇನಿಲ್ಲ. ನಾನು ಬಿಸಿನೀರ ಸ್ನಾನ ಆದ್ಮೇಲೆ ಮಾಡ್ತಿದ್ದೆ, ಆಗ ಮೈ ಸಡಿಲ ಇರುತ್ತೆ. ಉಗುರು ಕತ್ತರಿಸಿ, ಕೈ ಸೋಪು ಹಾಕಿ ತೊಳ್ಕೊಂಡು, ಬೆನ್ನಿಗೆ ಎರಡು ದಿಂಬು ಕೊಟ್ಟು ಒರಗಿ ಕೂತು, ಮಂಡಿ ಮಡಚಿ ಅಗಲಿಸಿ, ಸುವಾಸನೆ ಗಿವಾಸನೆ ಏನೂ ಸೇರಿಸದಿರೋ ಎಣ್ಣೆ, ನಾನು ಹಾಕಿದ್ದು ಕೊಬ್ಬರಿ ಎಣ್ಣೆ, ಹೆಬ್ಬೆರಳಿಗೆ ಸವರಿ ಒಳಗೆ ಒಂದೂವರೆ ಇಂಚಿನಷ್ಟು ಇಟ್ಟು ಕೆಳಗಡೆ ಮಲದ್ವಾರದ ಕಡೆಗೆ ಒತ್ತಬೇಕು. ಸ್ವಲ್ಪ ಉರಿ ಉರಿ ಅನ್ಸುತ್ತೆ, ಎಳೆದ ಹಾಗಾಗುತ್ತೆ, ಅಲ್ಲೇ ಒಂದು ನಿಮಿಷ ಹಿಡಿದು ಉಸಿರು ಬಿಡ್ತಾ ಇರ್ಬೇಕು, ಆಮೇಲೆ ಎಡಕ್ಕೂ ಬಲಕ್ಕೂ ಅರ್ಧ ಬಳೆ ಆಕಾರದಲ್ಲಿ ನಿಧಾನಕ್ಕೆ ತೀಡಬೇಕು. ಐದು ನಿಮಿಷ ಸಾಕು. ಮೇಲ್ಗಡೆ ಮೂತ್ರ ಬರೋ ಜಾಗ ಮುಟ್ಟೋದು ಬೇಡ. ಹೊಟ್ಟೆ ಅಡ್ಡ ಬಂದು ಕೈ ಎಟುಕದಿದ್ರೆ ಗಂಡನ ಸಹಾಯ ತಗೋಬಹುದು, ನಮ್ಮನೆಯವರು ಮೊದಲು ಮುಜುಗರ ಪಟ್ಕೊಂಡ್ರು, ಆಮೇಲೆ ಟೈಮ್ ನೋಡ್ಕೊಂಡು ನಿಮಿಷ ಹೇಳೋ ಕೆಲ್ಸ ಅವ್ರೇ ತಗೊಂಡ್ರು. ಮಾಸು ಕೆಳಗಿದೆ ಅಂತ ಸ್ಕ್ಯಾನಲ್ಲಿ ಬಂದಿದ್ರೆ, ಬ್ಲೀಡಿಂಗ್ ಇದ್ರೆ, ನೀರು ಒಡೆದಿದ್ರೆ, ಕೆಳಗಡೆ ಇನ್‌ಫೆಕ್ಷನ್ ಇದ್ರೆ, ಬಿಪಿ ತುಂಬಾ ಇದ್ರೆ ಮಾಡಕೂಡದು. ಅದಕ್ಕೇ ನಿಮ್ಮ ಡಾಕ್ಟರನ್ನ ಒಂದು ಮಾತು ಕೇಳಿ ಶುರು ಮಾಡಿ.

ಇದರ ಫಲ ಎಷ್ಟು ಅಂತ ಇದ್ದಿದ್ದು ಇದ್ದ ಹಾಗೆ ಹೇಳ್ಬೇಕು. ಅಧ್ಯಯನಗಳ ಪ್ರಕಾರ ಸುಮಾರು 15 ಚೊಚ್ಚಲ ಗರ್ಭಿಣಿಯರು ಈ ಮಸಾಜ್ ಮಾಡಿದ್ರೆ ಒಬ್ಬರಿಗೆ ಹೊಲಿಗೆ ತಪ್ಪುತ್ತೆ, ಅದೂ ಮುಖ್ಯವಾಗಿ ಕತ್ತರಿ ತಪ್ಪಿದ್ರಿಂದ. ಎರಡನೇ ಮೂರನೇ ಹೆರಿಗೆಯವರಿಗೆ ಹರಿಯೋದು ಕಮ್ಮಿ ಆಯ್ತು ಅಂತ ಕಂಡಿಲ್ಲ, ಆದ್ರೆ ಹೆರಿಗೆ ಆಗಿ ಮೂರು ತಿಂಗಳಾದಾಗ ಇರೋ ನೋವು ಕಮ್ಮಿ ಇತ್ತು. ಐದು ನಿಮಿಷದ ಕೆಲಸಕ್ಕೆ, ಖರ್ಚೇ ಇಲ್ಲದ ಕೆಲಸಕ್ಕೆ, ಇಷ್ಟು ಸಿಕ್ರೆ ನನ್ನ ಪ್ರಕಾರ ಮಾಡ್ಬೇಕಾದ್ದೇ. ನನಗಂತೂ ಇನ್ನೊಂದು ಉಪಯೋಗ ಆಯ್ತು, ಆ ಉರಿ ಹೇಗಿರುತ್ತೆ ಅಂತ ಮೊದಲೇ ಗೊತ್ತಿದ್ರಿಂದ ಹೆರಿಗೇಲಿ ಆ ಉರಿ ಬಂದಾಗ ಮೈ ಬಿಗಿ ಹಿಡೀಲಿಲ್ಲ.

ಮಿಕ್ಕಿದ್ದು ಲೇಬರ್ ರೂಮಲ್ಲಿ ಇರೋರ ಕೈಯಲ್ಲಿದೆ, ಅದಕ್ಕೇ ಮುಂಚೆನೇ ಕೇಳಿ ಇಟ್ಕೋಬೇಕು ಅಂತ ಇಷ್ಟು ಒತ್ತಿ ಹೇಳ್ತಿರೋದು. ನನ್ನ ಎರಡನೇ ಹೆರಿಗೆಗೆ ಬೇರೆ ಆಸ್ಪತ್ರೆಗೆ ಹೋದೆ, 36ನೇ ವಾರದ ಚೆಕಪ್ಪಲ್ಲಿ ಡಾಕ್ಟರ್ ಮುಂದೆ ಕೂತು ಕೇಳೇಬಿಟ್ಟೆ, ಮೇಡಂ ಕಳೆದ ಸಲ ಹೀಗಾಯ್ತು, ನೀವು ಯಾವಾಗ ಕತ್ತರಿ ಹಾಕ್ತೀರ, ಹಾಕೋ ಮುಂಚೆ ಹೇಳ್ತೀರಾ, ನಾನು ಮಗ್ಗುಲಾಗಿ ಮಲಗಬಹುದಾ, ಬಿಸಿ ಬಟ್ಟೆ ಇಡ್ತೀರಾ ಅಂತ. ಅವ್ರು ಬೈತಾರೇನೋ ಅಂತ ಅಂಗೈ ಬೆವರ್ತಿತ್ತು. ಅವ್ರು ಪೆನ್ ಕೆಳಗಿಟ್ಟು ಪೂರ್ತಿ ಕೇಳಿಸ್ಕೊಂಡು ಫೈಲಲ್ಲಿ ಬರ್ಕೊಂಡ್ರು.

ಬಿಸಿ ಬಟ್ಟೆ ಅಂದೆನಲ್ಲ, ಅದು ದೊಡ್ಡ ವಿಷಯ. ಮುಕ್ಕೋ ಹಂತದಲ್ಲಿ ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆನೋ ಪ್ಯಾಡೋ ಆ ಜಾಗಕ್ಕೆ ಒತ್ತಿ ಹಿಡಿದ್ರೆ ಮೂರನೇ ನಾಲ್ಕನೇ ಡಿಗ್ರಿ ಹರಿಯೋದು ಕಮ್ಮಿಯಾಗುತ್ತೆ ಅಂತ ಅಧ್ಯಯನಗಳಲ್ಲಿ ಗೊತ್ತಾಗಿದೆ, ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸಲ್ಲೂ ಇದೆ. ಇದನ್ನ ನಮ್ಮಜ್ಜಿಗೆ ಹೇಳಿದಾಗ ಅವ್ರು ಅಯ್ಯೋ ಇದೇನೇ ಹೊಸದು ಅಂದ್ರು. ಅವರ ಕಾಲದಲ್ಲಿ ತೊಲೆಗೆ ಕಟ್ಟಿದ ಹಗ್ಗ ಹಿಡ್ಕೊಂಡು ಕುಕ್ಕರುಗಾಲಲ್ಲಿ ಕೂತು ಹೆರ್ತಿದ್ರಂತೆ, ಸೂಲಗಿತ್ತಿ ಎಣ್ಣೆ ಬಿಸಿನೀರು ಎರಡೂ ಪಕ್ಕದಲ್ಲಿಟ್ಕೊಂಡು ತಲೆ ಕಾಣೋ ಹೊತ್ತಿಗೆ ಕೈ ಕೊಟ್ಟು ತಡೀತಿದ್ಲಂತೆ. ನಮ್ದು ತುಮಕೂರು ಜಿಲ್ಲೆ, ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವರ ಹೆಸರು ಕೇಳದವರು ನಮ್ಮ ಕಡೆ ಇಲ್ಲ, ಸಾವಿರಾರು ಹೆರಿಗೆ ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಲ್ಲಿ ತೀರ್ಕೊಂಡ್ರು. ಮನೇಲೇ ಹೆರಿ ಅಂತ ನಾನು ಹೇಳ್ತಿಲ್ಲ, ಅಜ್ಜಿಯ ಅಕ್ಕ ಒಬ್ರು ಹೆರಿಗೇಲೇ ರಕ್ತ ಹೋಗಿ ಸತ್ತಿದ್ದು, ಆಸ್ಪತ್ರೆ ಬೇಕೇ ಬೇಕು. ಆದ್ರೆ ಆ ತಾಳ್ಮೆಯ ಕೈ ಆಸ್ಪತ್ರೆಯಲ್ಲೂ ಇರ್ಬೇಕು ಅನ್ನೋದು ನನ್ನ ಆಸೆ.

ನನಗೆ ಎರಡನೇ ಸಲ ಆ ಕೈ ಸಿಕ್ತು. ಐವತ್ತರ ಹತ್ತಿರದ ಒಬ್ಬ ಸಿಸ್ಟರ್, ಕೂಗಾಟ ಇಲ್ಲ ಏನಿಲ್ಲ. ಎಡಮಗ್ಗುಲಿಗೆ ಮಲಗಿಸಿ ಮೇಲಿನ ಕಾಲನ್ನ ನಾದಿನಿ ಕೈಗೆ ಕೊಟ್ರು. ನಿಮಗೆ ಮುಕ್ಕಬೇಕು ಅನ್ಸಿದಾಗ ಮಾತ್ರ ಮುಕ್ಕಿ, ನಾನು ಎಣಿಸಲ್ಲ ಅಂದ್ರು. ಬೇಸಿನ್ನಲ್ಲಿ ಬಿಸಿನೀರು, ತಮ್ಮ ಮಣಿಕಟ್ಟಿಗೆ ತಾಗಿಸಿ ಬಿಸಿ ನೋಡಿ ಆಮೇಲೆ ನನಗಿಡೋರು, ಆರಿದ ತಕ್ಷಣ ಬದಲಾಯಿಸೋರು. ಆ ಬಿಸಿ ತಾಗಿದಾಗ ಆದ ಸಮಾಧಾನ ನನಗಿನ್ನೂ ನೆನಪಿದೆ, ಅಷ್ಟು ನೋವಿನ ಮಧ್ಯ ಅದೊಂದು ಜಾಗ ಮಾತ್ರ ಹಾಯಾಗಿತ್ತು. ತಲೆ ಬಂದು ನಿಂತು ಸುತ್ತ ಬೆಂಕಿ ಬಳೆ ತೊಡಿಸಿದ ಹಾಗೆ ಉರಿ ಹತ್ಕೊಂಡಾಗ, "ಈಗ ಮುಕ್ಕಬೇಡಿ, ಬಾಯಿ ತೆಗೆದು ಹಾ ಹಾ ಅಂತ ಸಣ್ಣಕ್ಕೆ ಉಸಿರು ಬಿಡಿ, ಸಾಕು, ಅದೇ ಬರುತ್ತೆ" ಅಂದ್ರು. ಒಂದು ಕೈ ಮಗುವಿನ ತಲೆ ಮೇಲೆ, ಇನ್ನೊಂದು ಕೈ ಬಟ್ಟೆ ಸಮೇತ ನನ್ನ ಕೆಳಗೆ. ಆ ಟೈಮಲ್ಲಿ ಮುಕ್ಕದೆ ಇರೋದು ಎಷ್ಟು ಕಷ್ಟ ಅಂತ ಹೆತ್ತವರಿಗೇ ಗೊತ್ತು. ಮಗು 3 ಕೆಜಿ 400 ಗ್ರಾಂ, ಮೊದಲನೆಯದಕ್ಕಿಂತ ದಪ್ಪ. ಹಳೇ ಗಾಯದ ಪಕ್ಕ ಸ್ವಲ್ಪ ಹರಿದಿತ್ತು, ಎರಡು ಹೊಲಿಗೆ. ಎರಡನೇ ಹೆರಿಗೆ ಹೇಗೂ ಸಲೀಸು ಅಂತ ನೀವು ಹೇಳ್ಬಹುದು, ಅದೂ ನಿಜ, ಎಲ್ಲಾ ಬಿಸಿ ಬಟ್ಟೆಯಿಂದ್ಲೇ ಆಯ್ತು ಅಂತ ನಾನು ಹೇಳಲಾರೆ.

ಮಲಗೋ ಭಂಗಿ ಬಗ್ಗೆ ಒಂದು ಮಾತು. ಅಂಗಾತಾನೇ ಮಲಗಬೇಕು ಅಂತ ಯಾವ ನಿಯಮಾನೂ ಇಲ್ಲ, ಮಗ್ಗುಲಾಗಿ, ಮಂಡಿ ಕೈ ಊರಿ, ನಿಮಗೆ ಹೇಗೆ ಅನುಕೂಲವೋ ಹಾಗೆ ಇರ್ಬಹುದು. ಕುಕ್ಕರುಗಾಲು, ನೆಟ್ಟಗೆ ಕೂರೋದು ಇಂಥದ್ರಲ್ಲಿ ಕತ್ತರಿ ಬೀಳೋದು ಕಮ್ಮಿ, ಆದ್ರೆ ಎರಡನೇ ಡಿಗ್ರಿ ಹರಿಯೋದು ಸ್ವಲ್ಪ ಜಾಸ್ತಿ ಆಗಬಹುದು. ಚೊಚ್ಚಲಿಗೆ ಮುಕ್ಕೋ ಹಂತ ಮೂರು ಗಂಟೆ ತನಕಾನೂ ಹೋಗಬಹುದು, ಅದು ಮಾಮೂಲಿ, ಇಷ್ಟು ಹೊತ್ತಾಯ್ತು ಬೇಗ ಬೇಗ ಅಂತ ಹೊರಗಡೆ ಕೂತ ಮನೆಯವರು ಅವಸರ ಮಾಡೋದು ಬೇಡ. ಜೊತೆಗೊಬ್ರು ಇದ್ರೆ ತುಂಬಾ ಧೈರ್ಯ. ಕೇಂದ್ರ ಸರ್ಕಾರ 2017ರಲ್ಲಿ ತಂದ ಲಕ್ಷ್ಯ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆ ಲೇಬರ್ ರೂಮಲ್ಲೂ ಹೆರಿಗೆ ಹೊತ್ತಲ್ಲಿ ಒಬ್ಬ ಸಂಗಾತಿ ಇರಬಹುದು ಅಂತಿದೆ, ಹಾಗಾಗಿ ಅಮ್ಮನೋ ಅಕ್ಕನೋ ಒಳಗೆ ಬರಬಹುದಾ ಅಂತ ಸಂಕೋಚ ಇಲ್ದೆ ಕೇಳಿ. ನೋವು ಬರ್ಲಿ ಅಂತ ಹರಳೆಣ್ಣೆ ಕುಡಿಸೋದು ಮಾತ್ರ ಡಾಕ್ಟರ್ ಕೇಳದೆ ದಯವಿಟ್ಟು ಬೇಡ.

ಇನ್ನು ಹರಿದ್ರೆ, ಹೊಲಿಗೆ ಬಿದ್ರೆ. ಎಲ್ಲಾ ಸರಿಯಾಗಿ ಮಾಡಿದ್ರೂ ಹರೀಬಹುದು, ಅದು ನಿಮ್ಮ ತಪ್ಪಲ್ಲ, ಸರಿಯಾಗಿ ಮುಕ್ಕಲಿಲ್ಲ ಅಂತ ಯಾರಾದ್ರೂ ಅಂದ್ರೆ ಕಿವಿಗೆ ಹಾಕ್ಕೋಬೇಡಿ. ನನ್ನ ಮೊದಲನೇ ಬಾಣಂತನ ನೆನೆಸ್ಕೊಂಡ್ರೆ ಇವತ್ತಿಗೂ ಹೊಟ್ಟೆ ಹಿಂಡುತ್ತೆ, ಹೊಲಿಗೆಗಿಂತ ಜಾಸ್ತಿ ಅಳಿಸಿದ್ದು ಮಲಬದ್ಧತೆ. ನೀರು ಕುಡಿದ್ರೆ ಹೊಟ್ಟೆ ಬರುತ್ತೆ, ಶೀತ ಆಗುತ್ತೆ ಅಂತ ದಿನಕ್ಕೆ ಎರಡು ಲೋಟ ಬಿಸಿನೀರು, ಊಟಕ್ಕೆ ತುಪ್ಪ ಅನ್ನ ಮೆಣಸಿನ ಸಾರು, ತರಕಾರಿ ಇಲ್ಲ, ಹಣ್ಣು ಇಲ್ಲ. ಜೊತೆಗೆ ಐರನ್ ಮಾತ್ರೆ. ನಾಲ್ಕನೇ ದಿನ ಟಾಯ್ಲೆಟ್ಟಲ್ಲಿ ಬಾಗಿಲ ಚಿಲಕ ಹಿಡ್ಕೊಂಡು ಅತ್ತಿದೀನಿ, ಹೊಲಿಗೆ ಎಲ್ಲಾ ಬಿಚ್ಚೋಯ್ತು ಅನ್ಕೊಂಡಿದ್ದೆ. ಎರೆಯೋಕೆ ಮಣೆ ಮೇಲೆ ಕೂರಿಸಿದ್ರೆ ಕಣ್ಣಲ್ಲಿ ನೀರು ಬರೋದು, ನೀರು ಬಿಸಿ ಜಾಸ್ತಿ ಆಯ್ತೇನೋ ಅಂತ ಅಜ್ಜಿ ಅನ್ಕೊಳ್ಳೋರು. ಅಮ್ಮಂದಿರು ಪ್ರೀತಿಯಿಂದ್ಲೇ ಮಾಡೋದು, ಆದ್ರೆ ಹೊಲಿಗೆ ಬಿದ್ದ ಬಾಣಂತಿಗೆ ನೀರು ಬೇಕು, ಸೊಪ್ಪು ತರಕಾರಿ ಬೇಕು, ಹಾಲು ಕುಡಿಸೋಕೂ ನೀರು ಬೇಕು. ಎರಡನೇ ಸಲ ಸಬ್ಬಸಿಗೆ ಸೊಪ್ಪು, ಹೀರೇಕಾಯಿ, ಪಪ್ಪಾಯಿ ಎಲ್ಲಾ ತಿಂದೆ, ಮೋಷನ್ ಮೆತ್ತಗಾಗೋ ಸಿರಪ್ ಡಾಕ್ಟರ್ ಬರ್ಕೊಟ್ರು. ಮೂತ್ರ ಮಾಡುವಾಗ ಉಗುರು ಬೆಚ್ಚಗಿನ ನೀರು ಮೇಲಿಂದ ಹುಯ್ಕೊಂಡ್ರೆ ಉರಿ ಗೊತ್ತಾಗಲ್ಲ. ಮೋಷನ್‌ಗೆ ಕೂತಾಗ ಒಂದು ಶುಭ್ರ ಪ್ಯಾಡ್ ಹೊಲಿಗೆ ಜಾಗಕ್ಕೆ ಮೆತ್ತಗೆ ಒತ್ತಿ ಹಿಡಿದ್ರೆ ಹೊಲಿಗೆ ಕಿತ್ತು ಬರುತ್ತೇನೋ ಅನ್ನೋ ಭಯ ಹೋಗುತ್ತೆ. ಮಂಚದ ಕೆಳಗೆ ಕೆಂಡ ಇಟ್ಟು ಆ ಜಾಗಕ್ಕೆ ಹೊಗೆ ಕೊಡೋದು ಬೇಡ.

ಒಂದು ವಿಷಯ ಮಾತ್ರ ಯಾರೂ ಮುಚ್ಚಿಟ್ಕೋಬೇಡಿ. ಗಾಯದಿಂದ ಕೆಟ್ಟ ವಾಸನೆ, ಜ್ವರ, ಕಮ್ಮಿ ಆಗೋ ಬದಲು ಜಾಸ್ತಿ ಆಗ್ತಿರೋ ನೋವು ಇದ್ರೆ ಆವತ್ತೇ ಹೋಗಿ ತೋರಿಸಿ. ಗ್ಯಾಸ್ ತಡೆಯೋಕಾಗ್ತಿಲ್ಲ, ಮೋಷನ್ ಗೊತ್ತಿಲ್ಲದಂತೆ ಆಗೋಗುತ್ತೆ, ಅಂದ್ರೆ ಆ ಒಳಗಿನ ಸ್ನಾಯು ಹರಿದಿದ್ದು ಹೆರಿಗೆ ದಿನ ಯಾರ ಕಣ್ಣಿಗೂ ಬಿದ್ದಿಲ್ಲದೆ ಇರ್ಬಹುದು. ನನ್ನ ಓರಗಿತ್ತಿ ಇದನ್ನ ಎರಡು ವರ್ಷ ಯಾರಿಗೂ ಹೇಳ್ದೆ ಅನುಭವಿಸಿದ್ಲು, ಮದುವೆ ಮನೆಗೆ ಬರೋದು ಬಿಟ್ಟಿದ್ಲು, ಜಂಭ ಅಂತ ನಾವೆಲ್ಲಾ ಅಂದ್ಕೊಂಡಿದ್ವಿ. ಇದಕ್ಕೆ ಟ್ರೀಟ್‌ಮೆಂಟ್ ಇದೆ, ವ್ಯಾಯಾಮ ಹೇಳ್ಕೊಡೋ ಫಿಸಿಯೋಥೆರಪಿಸ್ಟ್ ಇದಾರೆ. ಅವಳೇ ನನಗೆ ಇದನ್ನ ಬರಿ, ನನ್ನ ಹೆಸರು ಬೇಡ ಅಂತ ಹೇಳಿದ್ದು.

ತಂಗಿಗೆ ಇಷ್ಟೂ ಹೇಳೋ ಹೊತ್ತಿಗೆ ಹನ್ನೆರಡು ಹೊಡೆದಿತ್ತು. ಮಾರನೇ ದಿನ ಮೆಸೇಜ್ ಬಂತು, ತಾಯಿ ಕಾರ್ಡಿನ ಫೋಟೋ, ಅದರೊಳಗೆ ಕ್ಯಾಲೆಂಡರ್ ಹಾಳೆಯ ಹಿಂದೆ ನೀಲಿ ಪೆನ್ನಲ್ಲಿ ಬರೆದಿಟ್ಟ ನಾಲ್ಕು ಪ್ರಶ್ನೆ. ಕತ್ತರಿ ಯಾವಾಗ ಹಾಕ್ತೀರ, ಹೇಳಿ ಹಾಕ್ತೀರಾ, ಮಗ್ಗುಲಿಗೆ ಮಲಗಬಹುದಾ, ಬಿಸಿ ಬಟ್ಟೆ ಇಡ್ತೀರಾ. ಕೊನೇಲಿ ಪೆನ್ಸಿಲ್ಲಲ್ಲಿ ಐದನೇದು ಸೇರಿಸಿದಾಳೆ, "ಅಕ್ಕ ಒಳಗೆ ಬರಬಹುದಾ?" ಗುರುವಾರ ಅವಳ ಚೆಕಪ್ಪು, ನಾನು ರಜ ಹಾಕಿದೀನಿ.